ಬಸ್ಸಿಗಿಂತ ಮುಂಚೆ ಬಂದ ಅಸರ್

ಏಪ್ರಿಲ್ 18, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮಳವಳ್ಳಿಯ ನಮ್ಮ ಮನೆ ಮುಂದೆ ನಾನು ಒಂದು ಕೋಲು ನೆಟ್ಟೆ.

ಕಾರಣ ನಮ್ಮ ದಾದಿ, ಅಂದರೆ ಅಪ್ಪನ ತಾಯಿ. ಅವರ ಮಂಡಿನೋವಿಗೆ ಪ್ರತಿ ಗುರುವಾರ ಇಬ್ಬರೂ ಮಂಡ್ಯದ ಡಾಕ್ಟರ ಹತ್ತಿರ ಹೋಗುತ್ತೇವೆ. ಬಸ್ಸು ನಮ್ಮ ಬೀದಿಯ ತಿರುವಿಗೆ ಬರುವುದು ನಾಲ್ಕು ಐವತ್ತಕ್ಕೆ. ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜಿಗೆ ಆಜಾನ್ ಕೂಗುವುದು ಐದಕ್ಕೆ. ಹಾಗಾಗಿ ದಾದಿ ಮಂಡ್ಯದಲ್ಲಿ ಇಳಿದ ಮೇಲೆ ನಮಾಜು ಓದಿಕೊಳ್ಳುತ್ತಿದ್ದರು. ಆದರೆ ಹಿಂದಿನ ದಿನ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಬಸ್ಸು ನಿಂತಲ್ಲೇ ನಿಂತಿತು. ಅಸರ್ ಮುಗಿಯಬೇಕಾದದ್ದು ಸೂರ್ಯ ಮುಳುಗುವುದರೊಳಗೆ. ತಮ್ಮ ಚೀಲ ಎತ್ತಿಕೊಂಡು ಓಡುತ್ತಿರುವ ಕಳ್ಳನನ್ನು ನೋಡುವಂತೆ ದಾದಿ ಕಿಟಕಿಯಿಂದ ಸೂರ್ಯನನ್ನು ನೋಡಿದರು. ರಾತ್ರಿ ಊಟ ಮಾಡಲಿಲ್ಲ. ನನ್ನ ಡೈರಿಯಲ್ಲಿ ದಾದಿಯ ತಪ್ಪಿದ ನಮಾಜುಗಳ ಪಟ್ಟಿ ಅದುವರೆಗೆ ಖಾಲಿ ಇತ್ತು. ಅಂದು ಒಂದು ಗೀಟು ಎಳೆದೆ.

"ದಾದಿ, ಅಸರ್ ಹೊತ್ತು ನಾಲ್ಕು ನಲವತ್ತಕ್ಕೇ ಬತ್ತದಂತೆ. ಮಸೀದೀಲಿ ಎಲ್ರೂ ಸೇರಲಿ ಅಂತ ಐದಕ್ಕೆ ಕೂಗ್ತಾರೆ. ಮನೇಲೇ ಓದಿ ಬಸ್ಸು ಹತ್ತಿ," ಎಂದೆ, ಫೋನು ತೋರಿಸಿ.

"ಮೊನ್ನೆ ಮದ್ದೂರಲ್ಲಿ ಕೂತಿದ್ರೆ ಮೈಸೂರಲ್ಲಿದ್ದೀರಿ ಅಂದಿದ್ದು ಇದೇ ಫೋನು ತಾನೆ ಬೇಟಿ? ನಮ್ಮೂರ ಸೂರ್ಯನ್ನ ಇದೇನ್ ಕಂಡೈತೆ? ಕೋಲು ನೆಡು. ನೆಳ್ಳು ಹೇಳಿದ್ರೆ ಒಪ್ತೀನಿ."

ಲೆಕ್ಕ ದಾದಿಯೇ ಹೇಳಿಕೊಟ್ಟರು. ನೆರಳು ಕೋಲಿನ ಎರಡರಷ್ಟು ಉದ್ದವಾದಾಗ ಅಸರ್ ಶುರು. ನಡುಮಧ್ಯಾಹ್ನ ಕೋಲಿಗೆ ಎಷ್ಟು ನೆರಳಿರುತ್ತದೋ ಅದನ್ನೂ ಕೂಡಿಸಬೇಕು. ಮೊಳದುದ್ದದ ಕೋಲು, ಟೈಲರ್ ಟೇಪು, ಗುರುತಿಗೆ ಸುಣ್ಣ. ಇಷ್ಟೇ ಸಾಮಾನು.

ಶನಿವಾರ ಅಳೆದೆ, ಭಾನುವಾರ ಅಳೆದೆ. ಸೋಮವಾರ ಕೋಲೇ ಇರಲಿಲ್ಲ. ನೋಡಿದರೆ ಎದುರು ಮನೆ ಗೌಡರ ಹುಲ್ಲಿನ ಮೆದೆಯ ಮೇಲೆ ಬಿದ್ದಿತ್ತು.

"ನಾನೇ ಕಿತ್ತಾಕಿದ್ದು," ಎಂದರು ಗೌಡರು ಮೀಸೆ ತಿರುವಿ. "ಟೇಪು ಹಿಡ್ಕಂಡು, ಸುಣ್ಣ ಬಳ್ಕಂಡು ರಸ್ತೆ ಅಗಲ ಮಾಡಕ್ಕೆ ಸರ್ವೇ ಮಾಡ್ತಿದ್ದೀಯಾ? ನನ್ ಜಗಲಿ ಮೇಲೆ ಕಣ್ಣಾ ನಿಂಗೆ?"

"ನಿಮ್ ಜಗಲಿ ಯಾರಿಗ್ ಬೇಕು ಮಾಮ? ದಾದಿ ನಮಾಜಿಗೆ ಹೊತ್ತು ನೋಡೋ ಕೋಲು ಅದು."

ಗೌಡರ ಮೀಸೆ ಇಳಿಯಿತು. "ಅಯ್ಯಯ್ಯೋ, ದೇವ್ರ ಕೆಲಸದ ಕೋಲು ಕಿತ್ತುಬುಟ್ನಲ್ಲವ್ವ!" ಎಂದು ತಾವೇ ತಂದು, ಕಲ್ಲಲ್ಲಿ ಬಡಿದು, ಎಮ್ಮೆ ಕಟ್ಟಿದರೂ ಅಲುಗದಂತೆ ನೆಟ್ಟರು. ಕೋಲು ನಾಲ್ಕು ಬೆರಳು ಗಿಡ್ಡವಾಯಿತು. ನಾನು ಮತ್ತೆ ಅಳೆದು ಸುಣ್ಣದ ಗುರುತು ಬದಲಿಸಿದೆ. ಅಂದಿನಿಂದ ಗೌಡರು ಜಗಲಿ ಮೇಲೆ ಕೂತು ಕೋಲು ಕಾಯತೊಡಗಿದರು. ಹಾದುಹೋಗುವ ಕೋಳಿಗೂ ಬೈಗುಳ.

ಏಪ್ರಿಲ್ 24, ಗುರುವಾರ. ನಡುಮಧ್ಯಾಹ್ನ ಹೋಗಿ ನೋಡಿದರೆ ಕೋಲಿಗೆ ನೆರಳೇ ಇಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದ.

"ನೆಳ್ಳನ್ನೂ ಯಾರೋ ಕಿತ್ಕಂಡೋದ್ರಾ?" ಎಂದು ಗೌಡರು ಗಾಬರಿಯಾದರು.

"ಒಳ್ಳೇದೇ ಆಯ್ತು, ಕೂಡ್ಸೋ ಕೆಲಸ ಉಳೀತು," ಎಂದರು ದಾದಿ.

ನಾಲ್ಕೂವರೆಗೆ ಬೀದಿಯ ಅರ್ಧ ಜನ ಕೋಲಿನ ಸುತ್ತ ನಿಂತಿದ್ದರು. ತೊಂದರೆ ಏನೆಂದರೆ, ನೆರಳು ನೋಡಲು ಬಂದವರ ನೆರಳೆಲ್ಲ ಕೋಲಿನ ನೆರಳ ಮೇಲೇ ಬಿದ್ದು, ಯಾವುದು ಯಾರದೆಂದು ತಿಳಿಯದಾಯಿತು.

"ಲೇ, ಜರುಗ್ರೋ! ನಿಮ್ಮ ಹೊಟ್ಟೆ ನೆಳ್ಳು ನೋಡ್ಕಂಡು ಬೂಬಮ್ಮ ನಮಾಜು ಮಾಡಕ್ಕಾದದಾ?" ದಾದಿಯನ್ನು ಬೂಬಮ್ಮ ಎಂದೇ ಕರೆಯುವ ಗೌಡರು ಟವಲ್ ಬೀಸಿ ಎಲ್ಲರನ್ನೂ ಪಡುವಣದಿಂದ ಮೂಡಣಕ್ಕೆ ಅಟ್ಟಿದರು.

ನೆರಳಿನ ತುದಿ ಸುಣ್ಣದ ಗೆರೆ ಮುಟ್ಟಿದಾಗ ನಾಲ್ಕು ನಲವತ್ತೊಂದು. ಕೈಕಾಲು ಮುಖ ತೊಳೆದು ವುಜೂ ಮಾಡಿ, ಕುರ್ಚಿಯ ಮುಂದೆ ಜಾನಮಾಜ್ ಚಾಪೆ ಹಾಸಿ ಕಾಯುತ್ತಿದ್ದ ದಾದಿ ಒಳಗೆ ನಮಾಜು ಶುರು ಮಾಡಿದರು. ಆಗಲೇ ತಿರುವಿನಲ್ಲಿ ಹಾರ್ನ್ ಕೇಳಿಸಬೇಕೆ! ವರ್ಷವೆಲ್ಲ ತಡವಾಗಿ ಬರುವ ಬಸ್ಸು ಅಂದು ಮುಂಚೆ ಬಂದಿತ್ತು.

ನಮಾಜಿನಲ್ಲಿದ್ದವರನ್ನು ಅವಸರಪಡಿಸುವಂತಿಲ್ಲ. ಗೌಡರು ಓಡಿ ಬಸ್ಸಿನ ಮುಂದೆ ನಿಂತರು. ನಾನು ಚೀಲ ಹಿಡಿದು ಹಿಂದೆಯೇ ಓಡಿದೆ.

"ಹತ್ತಿ ಗೌಡ್ರೇ," ಎಂದ ಕಂಡಕ್ಟರ್.

"ನಾನ್ ಬರಕ್ಕಿಲ್ಲ."

"ಮತ್ಯಾಕ್ ಅಡ್ಡ ನಿಂತಿದ್ದೀರಿ?"

"ನಿನ್ನ ಟೇಮ್ ಇನ್ನೂ ಆಗಿಲ್ಲ ಕಣ್ಲಾ. ಬೂಬಮ್ಮಂದು ಆಗದೆ."

ಗೌಡರು ಅವನ ಊರು, ಅವನ ಮಾವನ ಊರು, ಹಲಗೂರಿನ ಕಡೆ ಮಳೆ, ಎಲ್ಲ ವಿಚಾರಿಸುತ್ತಾ ನಿಂತರು. ದಾದಿ ನಮಾಜಿನ ಕೊನೆಯ ಸಲಾಮನ್ನೂ ಚುಟುಕು ಮಾಡದೆ ಮುಗಿಸಿ, ಮೆಲ್ಲಗೆ ನಡೆದು ಬಂದರು. ಹತ್ತಿ ಕೂತಾಗ ನಾಲ್ಕು ಐವತ್ತೊಂದು.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಬಸ್ಸಿನವರೆಲ್ಲ ಗಡಿಯಾರ ನೋಡಿಕೊಂಡು ಗೊಣಗಿದರು. ದಾದಿ ಮಾತ್ರ ಕಿಟಕಿಯಲ್ಲಿ ಕಡಲೆಕಾಯಿ ಕೊಂಡು ಸಿಪ್ಪೆ ಸುಲಿಯುತ್ತಾ, "ನಿಲ್ಲಲಿ ಬುಡು, ನನಗೇನ್ ಅವಸರ?" ಎಂದರು. ಅಂದು ಎರಡನೇ ಗೀಟು ಬೀಳಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಮುಂಗಾರಿನಲ್ಲಿ ವಾರಗಟ್ಟಲೆ ಮೋಡ ಕವಿದಿರುತ್ತದೆ. ಗಡಿಯಾರ ಇಲ್ಲದ ಕಾಲದಲ್ಲಿ ನಮ್ಮ ಕಡೆಯವರು ಅಂಥ ದಿನ ಅಸರ್ ಹೊತ್ತನ್ನು ಹೇಗೆ ಗುರುತಿಸುತ್ತಿದ್ದರು? ದಾದಿಗೆ ನೆನಪಿಲ್ಲ. ಎಮ್ಮೆಗಳು ಮನೆಗೆ ತಿರುಗುವ ಹೊತ್ತನ್ನು ನೋಡಬೇಕೆಂದು ಗೌಡರು ಹೇಳುತ್ತಾರೆ, ಆದರೆ ಅವರ ಎಮ್ಮೆ ಹಸಿವಾದಾಗ ತಿರುಗುತ್ತದೆ. ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಜೂನ್ ಬರುವುದರೊಳಗೆ ಗೊತ್ತಾದರೆ ಉಪಕಾರ.