ತಗಡಿನ ಖೋಲಿಯಲ್ಲಿ ಹೊಸ ಅಳಿಯ

ಎಪ್ಪತ್ತರ ದಶಕದಲ್ಲಿ ಕೆರೂರಿನ ಹತ್ತಿರದ ನಮ್ಮೂರಲ್ಲಿ ಎಲ್ಲರದೂ ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಮೇಲೆ ಜಂತಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಎಂಥ ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ನೀರಿನ ಗಡಿಗೆಯೊಳಗೆ ಇಳಿದಷ್ಟು ತಂಪು. ನನ್ನ ಮದುವೆಯಾದ ವರ್ಷ ಅಪ್ಪನಿಗೆ ಅದು ಹಳೆಯದಾಗಿ ಕಂಡಿತು. ಬಾಗಲಕೋಟೆಯಿಂದ ಹೊಸ ತಗಡು ತರಿಸಿ, ಅದನ್ನೇ ಚಾವಣಿಗೆ ಹೊದಿಸಿ, ಅಂಗಳದ ಮಗ್ಗುಲಿಗೆ ಒಂದು ಕೋಣೆ, ನಮ್ಮ ಮಾತಿನ ಖೋಲಿ, ಕಟ್ಟಿಸಿದ. ಬಿಸಿಲು ಬಿದ್ದರೆ ಅದು ರಸ್ತೆಯವರೆಗೂ ಮಿಂಚುತ್ತಿತ್ತು. ಬಸ್ಸಿನವರೂ ಹೊರಳಿ ನೋಡುತ್ತಾರೆ ಎಂದು ಅಪ್ಪ ಬೀಗುತ್ತಿದ್ದ.

ಯುಗಾದಿಗೆ ನಾನೂ ನಮ್ಮವರೂ ಇಳಕಲ್ಲಿನಿಂದ ಬಂದೆವು. ಅವರಿಗೆ ಮಾವನ ಮನೆಯಲ್ಲಿ ಮೊದಲ ಹಬ್ಬ. ಹೊಸ ಅಳಿಯನಿಗೆ ಮನೆಯ ಒಳ್ಳೆಯ ಜಾಗ ಕೊಡಬೇಕು, ಅಳಿಯ ಬೇಡ ಎನ್ನಬಾರದು. ಹೋಳಿಗೆ ಉಂಡು ಕೈ ತೊಳೆಯುತ್ತಲೇ ಅಪ್ಪ ಅವರನ್ನು ಖೋಲಿಗೆ ಕರೆದೊಯ್ದ.

“ಅಡ್ಡಾಗ್ರಿ ಅಳಿಯಾದೇವ್ರ. ನಿಮ್ಮ ಸಲುವಾಗೇ ಕಟ್ಟಿಸೇನಿ.”

“ಆಗ್ಲಿರಿ ಮಾವಾರ.”

ನಾನು ಅಡುಗೆಮನೆಗೆ ಓಡಿದೆ. “ಅವ್ವಾ, ತಗಡು ಬಿಸಿಲಿನ ಕಾವನ್ನ ಹಂಗ ಒಳಗ ಬಿಡತೈತಿ. ಸಾಲ್ಯಾಗ ಕಲಿಸ್ಯಾರ. ಅವರು ಬೇಯ್ತಾರ.”

“ಸುಮ್ನ ಇರವ್ವಾ. ನಿಮ್ಮಪ್ಪ ಕೇಳಿದ್ರ ಅಳಿಯಾನ್ನ ಬಿಟ್ಟು ನನ್ನ ಬೇಯಿಸ್ತಾನ.”

ಖೋಲಿಯ ಕಿಟಕಿಯಿಂದ ಇಣುಕಿದೆ. ನಮ್ಮವರು ಟವೆಲು ನೆನೆಸಿ ತಲೆಯ ಮೇಲೆ ಹಾಕಿಕೊಂಡು ಕೂತಿದ್ದರು. ಇಳಕಲ್ಲಿನಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ತಂಪಾಗಿ ಸೀರೆ ನೇಯ್ದವರು.

“ಹೊಟ್ಟ್ಯಾಗಿನ ಹೋಳಿಗಿ ಇನ್ನೊಮ್ಮಿ ಬೇಯಾಕತ್ತೈತಿ,” ಎಂದರು.

ಸದ್ದಿಲ್ಲದೆ ಅವರನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಅದಕ್ಕಿನ್ನೂ ಹಳೆಯ ಮಣ್ಣಿನ ಮಾಳಿಗೆಯೇ ಇತ್ತು. ಎಮ್ಮೆಯ ಪಕ್ಕದ ತಣ್ಣನೆಯ ಕಲ್ಲಿನ ಮೇಲೆ ಚಾಪೆ ಹಾಸಿದೆ. ಎಮ್ಮೆ ಒಮ್ಮೆ ಮೂಸಿ ನೋಡಿ ಒಪ್ಪಿಕೊಂಡಿತು.

ಅಷ್ಟರಲ್ಲಿ ಅಪ್ಪ ಓಣಿಯ ಹಿರಿಯರನ್ನು ಕರೆತಂದ, ಹೊಸ ಖೋಲಿಯಲ್ಲಿ ಹೊಸ ಅಳಿಯ ಮಲಗಿರುವುದನ್ನು ತೋರಿಸಲು. ಬಾಗಿಲು ತೆರೆದರೆ ಒಳಗೆ ದಿಂಬು, ಒದ್ದೆ ಟವೆಲು.

“ಅಳಿಯ ಕರಗಿ ಹ್ವಾದನೇನಲೇ?” ಎಂದ ಪಕ್ಕದ ಮನೆಯ ಕಾಕಾ.

ಕೊಟ್ಟಿಗೆಯಿಂದ ಗೊರಕೆ ಕೇಳಿಸಿತು. ಎಲ್ಲರೂ ಅಲ್ಲಿಗೆ ಹೋದರು.

“ಬಸ್ಸಿನ ಮಂದಿಗೆ ತೋರ್ಸಾಕ ತಗಡು ಹಾಕ್ಸಿ, ಅಳಿಯಾನ್ನ ಎಮ್ಮಿ ಬಾಜೂಕ ಮಲಗಿಸಿಯಲ್ಲೋ,” ಎಂದ ಕಾಕಾ.

ಅಪ್ಪನ ಮುಖ ಇಳಿಯಿತು. ಅಳಿಯನನ್ನು ಕೊಟ್ಟಿಗೆಗೆ ಹಾಕಿದ ಮಾವ ಎಂಬ ಹೆಸರು ಸಂಜೆಯೊಳಗೆ ಊರೆಲ್ಲ ಹರಡುತ್ತದೆ, ನಾಳೆ ಇಳಕಲ್ಲಿನ ಬೀಗರಿಗೂ ಮುಟ್ಟುತ್ತದೆ. ನಮ್ಮವರು ಎಚ್ಚರಾಗಿ ಆ ಮುಖ ನೋಡಿದರು.

“ತಪ್ಪು ನಂದರಿ ಮಾವಾರ. ಖೋಲಿ ಛಲೋ ಐತ್ರಿ. ತಗಡಿನ ಮ್ಯಾಲ ಮಂಗ್ಯಾ ಕುಣದು ನಿದ್ದಿ ಕೆಡಿಸ್ತು.”

ಆ ಬಿಸಿಲಿಗೆ ತಗಡಿನ ಮೇಲೆ ಕಾಗೆ ಕೂಡ ಕೂರುತ್ತಿರಲಿಲ್ಲ. ಆದರೂ ನಾನು ತಲೆಯಾಡಿಸಿ, “ಹೌದಪ್ಪಾ, ದೊಡ್ಡ ಮಂಗ್ಯಾ,” ಎಂದೆ.

ಹಿರಿಯರು ಹೋದ ಮೇಲೆ ಅಪ್ಪ ತಾನೇ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಹೊರಬಂದ. ಅಂಗಿ ಬೆನ್ನಿಗೆ ಅಂಟಿತ್ತು.

ಮರುದಿನ ಬೆಳಿಗ್ಗೆ ತಗಡಿನ ಮೇಲೆ ಜೋಳದ ಒಣ ದಂಟಿನ ಕಣಿಕೆಯನ್ನು ಮೊಣಕಾಲುದ್ದ ಹರಡಿಸಿ, ಅದರ ಮೇಲೆ ಮಣ್ಣು ಮೆತ್ತಿಸಿದ. ಕಣಿಕೆಯ ನಡುವೆ ಸಿಕ್ಕಿಬಿದ್ದ ಗಾಳಿ ಕಾವನ್ನು ಕೆಳಗೆ ಇಳಿಯಗೊಡುವುದಿಲ್ಲ. ಇದನ್ನು ನಾನು ಹೇಳಲು ಹೋಗಲಿಲ್ಲ. ಬೇಕಾದ ಕಾರಣ ಅಪ್ಪನ ಹತ್ತಿರ ಇತ್ತು. ತಗಡಿನ ಮಿಂಚು ಮಾತ್ರ ಹೋಯಿತು.

ಮಧ್ಯಾಹ್ನ ಅಪ್ಪ, ನಮ್ಮವರು ಇಬ್ಬರೂ ಅಲ್ಲಿ ಅಡ್ಡಾದರು. ಕಾಕಾ ಬಂದು ಬಾಗಿಲಲ್ಲಿ ನಿಂತ. “ಇದೇನೋ, ತಗಡು ಮುಚ್ಚಿಬಿಟ್ಟಿ?”

“ಮಂಗ್ಯಾನ ಕಾಟ,” ಎಂದ ಅಪ್ಪ, ಕಣ್ಣು ತೆರೆಯದೆ.

ಕಾಕಾ ತಲೆ ಒಳಗೆ ಹಾಕಿದ, ಆಮೇಲೆ ಭುಜ. ಹೊರಗಿನ ಬಿಸಿಲಿನ ಕಡೆ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದ.

“ಒಂಚೂರು ಅತ್ತಾಗ ಸರಿಯೋ. ನಾನೂ ಒಂದೀಟು ಮಂಗ್ಯಾ ಕಾಯ್ತೇನಿ.”