ಕಾಫಿಗೆ ಕಳಿಸಿ ಕೇಳುವ ಮಾತು

ಬೆಳಿಗ್ಗೆ ಆರೂವರೆ. ಕ್ಯಾನ್ಸರ್ ವಾರ್ಡಿನ ಕಿಟಕಿಗಳಲ್ಲಿ ಬೆಳಕು ಇನ್ನೂ ಮಬ್ಬು. ಸಿಸ್ಟರ್ ಸ್ಟೂಲು ಎಳೆದುಕೊಂಡು ಒಂಬತ್ತನೇ ಹಾಸಿಗೆಯ ಪಕ್ಕ ಕೂರುತ್ತಾರೆ. ರೋಗಿಯ ಮಗಳಿಗೆ, "ಹೋಗಮ್ಮ, ಕಾಫಿ ಕುಡಿದು ಬಾ. ಅಪ್ಪನ್ನ ನಾನೇನೂ ಎತ್ಕೊಂಡು ಹೋಗಲ್ಲ" ಎನ್ನುತ್ತಾರೆ.

ಮನೆಯವರು ಕಾಫಿಗೆ ಹೋಗುವ ಇಪ್ಪತ್ತು ನಿಮಿಷವೇ ಸಿಸ್ಟರ್ ರೋಗಿಯೊಂದಿಗೆ ಮಾತಾಡುವ ಹೊತ್ತು. ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಆಮೇಲೆ. ಮೂವತ್ತು ಹಾಸಿಗೆಯ ವಾರ್ಡು, ದಿನಕ್ಕೆ ನಾಲ್ಕೈದು ಜನರೊಂದಿಗೆ ಮಾತು, ಹದಿನೆಂಟು ವರ್ಷದಿಂದ. ರೋಗ ಮೈಯಲ್ಲಿ ಹರಡಿದವರನ್ನು ಅವರು ಕೇಳುವುದು ಎರಡೇ: ಯಾವುದು ಕೈಬಿಟ್ಟು ಹೋಗಬಾರದು? ಯಾವುದನ್ನು ಇನ್ನು ತಡೆದುಕೊಳ್ಳಲಾಗದು? ಉತ್ತರವನ್ನು ರೋಗಿಯ ಮಾತಿನಲ್ಲೇ ಬರೆದು ಫೈಲಿನ ಮೇಲೆ ಅಂಟಿಸುತ್ತಾರೆ. ಡಾಕ್ಟರು ಓದದಿದ್ದರೆ ತಾವೇ ಗಟ್ಟಿಯಾಗಿ ಓದುತ್ತಾರೆ.

ಯಾಕೆ ಹೀಗೆ ಎಂದು ಕೇಳಿದರೆ ಸಿಸ್ಟರ್ ಹೇಳುತ್ತಾರೆ, "ನಮ್ಮತ್ತೆಗೂ ಇದೇ ಕಾಯಿಲೆ ಇತ್ತು. ಮನೆಮಂದಿಯೆಲ್ಲ ಕೂತು ತೀರ್ಮಾನ ಮಾಡಿದ್ವಿ, ಅವರೊಬ್ಬರನ್ನ ಬಿಟ್ಟು. ನಾನು ನರ್ಸು ಬೇರೆ."

ಒಂಬತ್ತನೇ ಹಾಸಿಗೆಯವರು ಗಡಿಯಾರ ರಿಪೇರಿಯವರು. ಶ್ವಾಸಕೋಶದ ಕ್ಯಾನ್ಸರು ಮೂಳೆಗಿಳಿದಿದೆ. ಎರಡು ಸುತ್ತು ಕೀಮೋ ಆಗಿದೆ. ಕಳೆದ ಸಲ ತೊಂದರೆ ಏನಾದರೂ ಇದೆಯೇ ಎಂದು ಕೇಳಿದಾಗ ಮಗಳೇ "ಏನಿಲ್ಲ ಸಿಸ್ಟರ್, ಅಪ್ಪ ಗಟ್ಟಿ" ಎಂದಿದ್ದಳು. ಆತುರದಲ್ಲಿದ್ದ ಸಿಸ್ಟರ್ ಹಾಗೇ ಬರೆದುಕೊಂಡಿದ್ದರು.

ಇವತ್ತು ಆತ ಬೆರಳುಗಳನ್ನು ಚಾಚುತ್ತಾರೆ. "ಜುಮ್ ಅನ್ನುತ್ತೆ. ಸ್ಕ್ರೂ ಚಿಮಟದಲ್ಲಿ ನಿಲ್ಲಲ್ಲ. ಇನ್ಮೇಲೆ ಆಸ್ಪತ್ರೆ ಕಡೆ ತಲೆ ಹಾಕಬಾರದು ಅಂತ ಮಾಡಿದೀನಿ. ಮಕ್ಕಳಿಗೆ ಹೇಳಬೇಡಿ."

"ನಾನು ಹೇಳಲ್ಲ. ನೀವೇ ಹೇಳ್ತೀರಿ."

ಡಾಕ್ಟರು ಬಂದಾಗ, ಕಾಫಿ ಮುಗಿಸಿ ಬಂದ ಮಗಳ ಎದುರೇ ಆತ ಹೇಳಿಯೇಬಿಡುತ್ತಾರೆ. ಮಗಳ ಮುಖ ಸಪ್ಪಗಾಗುತ್ತದೆ. "ನಮಗ್ಯಾಕಪ್ಪಾ ಹೇಳಲಿಲ್ಲ?"

"ನೀನು ಊಟ ಆಯ್ತಾ ಅಂತ ಕೇಳ್ದೆ. ಆಯ್ತು ಅಂದೆ."

ಡಾಕ್ಟರು ಕೂತು ಬಿಡಿಸಿ ಹೇಳುತ್ತಾರೆ. ಇದೇ ಔಷಧವಾದರೆ ಬೆರಳು ಇನ್ನೂ ಮರಗಟ್ಟಬಹುದು. ಇನ್ನೊಂದಿದೆ, ಬೆರಳಿಗೆ ಅಷ್ಟು ತೊಂದರೆಯಿಲ್ಲ, ಸುಸ್ತು ಹೆಚ್ಚು. ಕೀಮೋ ಬಿಟ್ಟು ನೋವಿಗಷ್ಟೇ ಔಷಧ ತೆಗೆದುಕೊಳ್ಳುವುದೂ ಒಂದು ದಾರಿಯೇ. ಯಾವುದೂ ರೋಗವನ್ನು ಬೇರುಸಹಿತ ಕೀಳದು.

"ಸುಸ್ತಾದ್ರೆ ಮಲಗ್ತೀನಿ. ಬೆರಳು ಹೋದ್ರೆ ಏನ್ಮಾಡ್ಲಿ?" ಎನ್ನುತ್ತಾರೆ ಆತ. ಎರಡನೆಯದನ್ನು ಎರಡು ಸುತ್ತು ನೋಡುವುದು, ಬೇಡವೆನಿಸಿದ ದಿನ ನಿಲ್ಲಿಸುವುದು ಎಂದಾಗುತ್ತದೆ.

ಮಗಳು ಉಸಿರು ಬಿಡುತ್ತಾಳೆ. "ಇಷ್ಟಕ್ಕೆ ಕಳ್ಳನ ಹಾಗೆ ತಪ್ಪಿಸ್ಕೊಳ್ಳೋಕೆ ಹೊರಟಿದ್ಯಾ?"

ಈಗ ಎರಡು ತಿಂಗಳಾಗಿದೆ. ಸ್ಕ್ಯಾನಿನಲ್ಲಿ ಗಡ್ಡೆ ಇದ್ದಷ್ಟೇ ಇದೆ. ಜುಮ್ಮು ಪೂರ್ತಿ ಹೋಗಿಲ್ಲವಾದ್ದರಿಂದ ಆತ ದೊಡ್ಡ ಸ್ಕ್ರೂಗಳ ಗೋಡೆ ಗಡಿಯಾರಗಳನ್ನಷ್ಟೇ ರಿಪೇರಿಗೆ ತೆಗೆದುಕೊಳ್ಳುತ್ತಾರೆ, ದಿನಕ್ಕೆ ಎರಡು ಗಂಟೆ.

ಹೊಗಳಿದರೆ ಸಿಸ್ಟರ್ ಅಲ್ಲವೆಂದು ತಲೆಯಾಡಿಸಿಬಿಡುತ್ತಾರೆ. "ಔಷಧ ಡಾಕ್ಟರದು, ತೀರ್ಮಾನ ರೋಗಿಯದು. ಅವರು ಹೇಳಿ ಮುಗಿಸೋವರೆಗೆ ನಾನು ಮಧ್ಯೆ ಬಾಯಿ ಹಾಕಲಿಲ್ಲ, ಅಷ್ಟೇ. ಅದನ್ನ ಕಲಿಯೋಕೇ ಇಷ್ಟು ವರ್ಷ ಹಿಡೀತು ನೋಡಿ."