ಟ್ಯಾಂಕಿನ ಬೆನ್ನ ಮೇಲೊಂದು ಹೆಬ್ಬೆರಳು

ಬಳ್ಳಾರಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಹುಲುಗೇಶ ಬಣ್ಣ ಹೊಡೆಯುವ ಕೆಲಸದವನು. ಕೆಟ್ಟವನಲ್ಲ, ಕೂಗಾಡುವವನೂ ಅಲ್ಲ. ಆದರೆ ಹೊಸ ಬಣ್ಣದ ಬಾಗಿಲ ಮೇಲೆ ಸಾಸಿವೆಯಷ್ಟು ಗಂಟು ಕಂಡರೂ ಸಾಕು, ಹುಣಸೆಕಾಯಿ ಕಚ್ಚಿದವನ ಹಾಗೆ ಮುಖ ಮಾಡುತ್ತಿದ್ದ. ಇಡೀ ದಿನ ಲಾರಿಗೆ ಬಣ್ಣ ಹೊಡೆದು ದಣಿದು ಬಂದವನು ಕಾಲು ಚಾಚಿ ಟೀವಿ ನೋಡಬೇಕೋ ಬೇಡವೋ? ಇವನು ಚಹಾ ಕುಡಿದವನೇ ಮಾಳಿಗೆ ಮೇಲಿನ ತಗಡಿನ ಕೋಣೆಗೆ ಹತ್ತಿ ಮತ್ತೆ ಬಣ್ಣದ ಡಬ್ಬಿ ತೆಗೆಯುತ್ತಿದ್ದ. ಅಲ್ಲಿ ಕಾಯುತ್ತಿದ್ದದ್ದು ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಕಟ್ಟಿದ, ಅಂಗೈಯಲ್ಲಿ ಹಿಡಿಸುವ ಯುದ್ಧದ ಟ್ಯಾಂಕುಗಳು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಜೀಪುಗಳು, ತೋಪು ಎಳೆಯುವ ಪುಟ್ಟ ಟ್ರಕ್ಕುಗಳು.

"ಮುಂಜಾನಿ ದೊಡ್ಡ ಗಾಡಿ, ಸಂಜಿಗಿ ಸಣ್ಣ ಗಾಡಿ. ನನ್ನ ಮುಖ ನೋಡಾಕ ನಿನಗ ಯಾವಾಗ ಪುರುಸೊತ್ತು?" ಎಂದು ಹೆಂಡತಿ ನಾಗಲಕ್ಷ್ಮಿ ಕೇಳಿದ್ದುಂಟು. ಅವನು ನಕ್ಕು ಮೆಟ್ಟಿಲು ಹತ್ತಿದ್ದ.

ಹುಟ್ಟೂರು ಸಿರಿಗೇರಿ. ಅಲ್ಲಿ ಎರೆಮಣ್ಣು ಕಲಸಿ ಟ್ರ್ಯಾಕ್ಟರು ಮಾಡುತ್ತಿದ್ದ ಕೈ ಬಳ್ಳಾರಿಗೆ ಬಂದು ಸ್ಪ್ರೇ ಗನ್ ಹಿಡಿಯಿತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಫೋನಿನಲ್ಲಿ ಯಾರೋ ಪುಟ್ಟ ಟ್ಯಾಂಕಿಗೆ ತುಕ್ಕಿನ ಬಣ್ಣ ಬಳಿಯುವುದನ್ನು ಕಂಡು ಹುಚ್ಚು ಹಿಡಿಯಿತು. ಅದೇ ಹುಚ್ಚಿನ ಇನ್ನಿಬ್ಬರು ಹತ್ತಿರದಲ್ಲೇ ಸಿಕ್ಕಿದ್ದು ಅವನ ಪುಣ್ಯ. ಸಿರುಗುಪ್ಪದಲ್ಲಿ ಮೊಬೈಲ್ ರಿಪೇರಿ ಮಾಡುವ ಅಕ್ರಮ್ ಒಬ್ಬ, ಕುರುಗೋಡಿನಲ್ಲಿ ಸಿಮೆಂಟು ಮಾರುವ ಕರಿಬಸವ ಇನ್ನೊಬ್ಬ. ಕರಿಬಸವನ ಗೋದಾಮಿನಲ್ಲಿ ದೊಡ್ಡ ಮೇಜು. ಅದರ ಮೇಲೆ ಹಸಿರು ಬಟ್ಟೆ ಹಾಸಿ, ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಂಥ ಗುಡ್ಡಗಳನ್ನು ಥರ್ಮಾಕೋಲಿನಲ್ಲಿ ಕೊರೆದಿಟ್ಟು, ಭಾನುವಾರ ಬಂತೆಂದರೆ ಯುದ್ಧ. ಟೇಪು ಹಿಡಿದು ಅಳೆದು ಟ್ಯಾಂಕು ಸರಿಸಬೇಕು, ದಾಳ ಉರುಳಿಸಿ ಗುಂಡು ಹಾರಿಸಬೇಕು, ಸೋತವನು ಎಲ್ಲರಿಗೂ ಒಗ್ಗರಣಿ ಮಿರ್ಚಿ ತರಿಸಬೇಕು.

ಬಣ್ಣ ಕಾಣದ ಗಾಡಿ ಆ ಮೇಜು ಹತ್ತುವಂತಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ಆ ಕಟ್ಟಳೆ ಹಾಕಿದವನು ಯಾರೆಂದು ಬೇರೆ ಹೇಳಬೇಕೆ? ಅದಕ್ಕೆ ಹುಲುಗೇಶ ಇನ್ನೊಂದು ಬಾಲವನ್ನೂ ಜೋಡಿಸಿದ್ದ. ಗಾಡಿಯ ಮೇಲೆ ಬೆರಳಿನ ಗುರುತು ಇರಕೂಡದು. ಈ ಗಾಡಿಗಳ ತುಂಡುಗಳಿಗೆ ಹಚ್ಚುವ ಅಂಟು ನೀರಿನಷ್ಟು ತೆಳು. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಆರುವ ಮುಂಚೆ ಅವಸರಕ್ಕೆ ಬೆರಳಿಟ್ಟರೆ ಚರ್ಮದ ಗೆರೆಗಳೆಲ್ಲ ಅಚ್ಚೊತ್ತಿ ಗಟ್ಟಿಯಾಗಿಬಿಡುತ್ತವೆ. ಗಾಡಿ ಕಟ್ಟುವವರ ಪಾಲಿಗೆ ಅದಕ್ಕಿಂತ ದೊಡ್ಡ ಮಾನಗೇಡು ಇಲ್ಲ.

ಅಕ್ರಮನ ತಮ್ಮ ಖಾಜಾ ಅವಸರಕ್ಕೇ ಹುಟ್ಟಿದವನು. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಅಣ್ಣನ ಬೈಕಿನ ಹಿಂದೆ ಕೂತು ಕುರುಗೋಡಿಗೆ ಬಂದು ಎರವಲು ಟ್ಯಾಂಕಿನಲ್ಲಿ ಆಡುತ್ತಿದ್ದ, ಗೆದ್ದರೆ ಗೋದಾಮಿನ ತಗಡು ಹಾರುವಂತೆ ಕೂಗುತ್ತಿದ್ದ. ಕಡೆಗೆ ತನ್ನದೇ ಒಂದು ಟ್ಯಾಂಕು ತರಿಸಿ ಕಟ್ಟಲು ಕೂತ.

"ಬಟ್ಟಿನ ಗುರುತು ಕಂಡ್ರ ಮೇಜಿಗಿ ಬಿಡಂಗಿಲ್ಲ ನೋಡಲೇ," ಎಂದು ಹುಲುಗೇಶ ಹೆದರಿಸಿದ್ದ.

"ಬಿಡದಿದ್ರ ನಿನ್ನ ಮೇಜಿಗೇ ಗುಂಡು ಹಾಕ್ತೀನಿ ತಗಾ ಅಣ್ಣಾ," ಎಂದು ಖಾಜಾ ನಕ್ಕಿದ್ದ. ಟ್ಯಾಂಕು ಮುಕ್ಕಾಲು ಆಗಿತ್ತು. ಮಳೆಗಾಲದಲ್ಲಿ ಜ್ವರ ಬಂತು, ಖಾಜಾ ಹೋಗಿಬಿಟ್ಟ.

ತಿಂಗಳುಗಳು ಕಳೆದ ಮೇಲೆ ಅಕ್ರಮ್ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ರಟ್ಟಿನ ಡಬ್ಬಿಯನ್ನು ಹುಲುಗೇಶನ ಕೈಗಿಟ್ಟ. "ನನಗ ಮುಟ್ಟಾಕ ಆಗವಲ್ದಣ್ಣಾ. ನೀನೇ ಮುಗಸು. ಬಣ್ಣ ಹಚ್ಚಿ ಒಮ್ಮಿ ಮೇಜಿನ ಮ್ಯಾಲ ಇಡೋಣು." ಇಷ್ಟೇ ಹೇಳಿ ಬಸ್ಸು ಹತ್ತಿದ.

ಉಳಿದ ತುಂಡುಗಳನ್ನು ಜೋಡಿಸಿ, ಬಣ್ಣಕ್ಕೆ ಮೊದಲು ಹೊಡೆಯುವ ಬೂದು ಪ್ರೈಮರು ಹೊಡೆದಾಗ ಅದು ಎದ್ದು ಕಂಡಿತು. ಟ್ಯಾಂಕಿನ ಬೆನ್ನ ಮೇಲೆ, ಎಂಜಿನ್ನಿನ ಮುಚ್ಚಳದ ನಟ್ಟನಡುವೆ, ಒಂದು ಇಡೀ ಹೆಬ್ಬೆರಳು. ಸುಳಿ, ಗೆರೆ, ಅಂಚು, ಏನೂ ಬಿಟ್ಟಿರಲಿಲ್ಲ. ಹೋದವನ ಅವಸರ ಮೇಜಿನ ಮೇಲೆ ನಗೆಪಾಟಲಾಗಬಾರದು, ಖಾಜಾನ ಟ್ಯಾಂಕಿನತ್ತ ಯಾರೂ ಬೊಟ್ಟು ಮಾಡಬಾರದು. ಬಣ್ಣದವರು ಬಳಸುವ ಉಜ್ಜುಕಾಗದ, ವಾಟರ್ ಪೇಪರನ್ನು ಹುಲುಗೇಶ ನೀರಲ್ಲಿ ಅದ್ದಿ, ಮಗುವಿನ ಮೈ ಒರೆಸಿದಷ್ಟು ಮೆಲ್ಲಗೆ ಉಜ್ಜಿ ಉಜ್ಜಿ ಸಾಪು ಮಾಡಿದ. ಮತ್ತೆ ಪ್ರೈಮರು ಹೊಡೆದ, ಅದರ ಮೇಲೆ ಹಸಿರು ಬಣ್ಣ. ಒಳ್ಳೆಯ ಕೆಲಸವಾಯಿತು ಎಂದುಕೊಂಡು ಕೆಳಗಿಳಿದು ಊಟ ಮಾಡಿದ.

ಮರುದಿನ ಶೆಡ್ಡಿನಲ್ಲಿದ್ದಾಗ ಅಕ್ರಮನ ಫೋನು ಬಂತು.

"ಅಣ್ಣಾ, ಒಂದು ಮಾತು ಹೇಳಾಕ ಮರ್ತಿದ್ದೆ. ಬೆನ್ನ ಮ್ಯಾಲ ಖಾಜಾನ ಹೆಬ್ಬಟ್ಟು ಐತಲ್ಲ, ಅದರ ಮ್ಯಾಲ ದಪ್ಪ ಬಣ್ಣ ಹಚ್ಚಬ್ಯಾಡ. ಅಮ್ಮಿ ದಿನಾ ನಮಾಜ್ ಆದಮ್ಯಾಲ ಅದರ ಮ್ಯಾಲ ತನ್ನ ಬಟ್ಟು ಇಟ್ಗಂಡು ಕುಂದರ್ತಿದ್ಲು. ಕೊಡಾಕ ಒಲ್ಲೆ ಅಂದ್ಲು, ನಾನೇ ಜುಲುಮಿ ಮಾಡಿ ತಂದೀನಿ. ಅವನ ಗುರುತು ಅಂತ ಮನ್ಯಾಗ ಇನ್ನೇನೂ ಉಳಿದಿಲ್ಲ. ಭಾನುವಾರ ಮೊದ್ಲು ನಮ್ಮ ಮನಿಗಿ ಬಾ, ಅಕಿ ಕೈಗಿ ಕೊಟ್ಟು ಆಮ್ಯಾಲ ಕುರುಗೋಡಿಗಿ ಹೋಗೋಣು. ಗುರುತು ಐತಿ ಹೌದಿಲ್ಲೋ?"

ಹುಲುಗೇಶನ ಬಾಯಿಂದ "ಐತಿ" ಎಂಬ ಮಾತು ಹೊರಟುಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಅವನು ಅಲ್ಲೇ ಲಾರಿಯ ಚಕ್ರಕ್ಕೆ ಬೆನ್ನು ಕೊಟ್ಟು ಕುಸಿದು ಕೂತ. ಒಬ್ಬ ತಾಯಿಗೆ ಮಗನದೆಂದು ಉಳಿದಿದ್ದ ಒಂದೇ ಒಂದು ಗುರುತು, ಅದನ್ನು ತಾನು ತನ್ನ ಕೈಯಾರೆ, ಅದೂ ಹೆಮ್ಮೆಯಿಂದ, ಉಜ್ಜಿ ಚರಂಡಿಗೆ ಚೆಲ್ಲಿದ್ದ.

ಆಮೇಲಿನ ದಿನಗಳಲ್ಲಿ ಫೋನು ಸದ್ದು ಮಾಡಿದರೆ ಹುಲುಗೇಶ ಬೆಚ್ಚಿಬೀಳುತ್ತಿದ್ದ. ಶನಿವಾರ ಕೆಲಸಕ್ಕೆ ಚಕ್ಕರ್ ಹಾಕಿ, ಮಟಮಟ ಮಧ್ಯಾಹ್ನ ಕಾದ ತಗಡಿನ ಕೆಳಗೆ ಕೂತು, ಒಂದು ಹಾಳು ತುಂಡಿಗೆ ಅಂಟು ಬಳಿದು ತನ್ನ ಹೆಬ್ಬೆರಳು ಒತ್ತಿ ನೋಡಿದ. ಚೆನ್ನಾಗಿಯೇ ಮೂಡಿತು. ಬಲಗೈಯದು ತೀರಾ ದಪ್ಪ ಎನಿಸಿ ಎಡಗೈಯದನ್ನು ಸ್ವಲ್ಪ ಓರೆಯಾಗಿ ಒತ್ತಿದ. ಖಾಜಾನದೂ ಹೆಚ್ಚುಕಡಿಮೆ ಇಷ್ಟೇ ಇತ್ತು.

ಚಹಾ ಹಿಡಿದು ಮೇಲೆ ಬಂದ ನಾಗಲಕ್ಷ್ಮಿ ಬಾಗಿಲಲ್ಲೇ ನಿಂತಳು. ವಿಷಯ ಅವಳಿಗೆ ಗೊತ್ತಿತ್ತು.

"ಹೋಗಿ ಹೇಳಿಬಿಡು. ಬೈದ್ರ ಬೈಸ್ಕಾ."

"ನನ್ನ ಬೈಲಿ, ಬೇಕಾದ್ರ ಹೊಡೀಲಿ. ಆ ಮುದುಕಿ ಅತ್ರ ಏನು ಮಾಡ್ಲಿ?"

"ಅದಕ್ಕ ಸತ್ತಾನ ಬಟ್ಟಿನ ಜಾಗಾದಾಗ ನಿನ್ನ ಬಟ್ಟು ಇಡ್ತಿಯೇನು? ಮನಸ್ಸಾದ್ರೂ ಹೆಂಗ ಬರ್ತೈತಿ ನಿನಗ?"

ಅವಳು ಚಹಾ ಕುಕ್ಕಿ ಹೋದಳು. ಸಾಸಿವೆಯಷ್ಟು ಗಂಟು ಸಹಿಸದ ಮಹಾರಾಯ, ಯಾವುದನ್ನು ಮಾನಗೇಡು ಎನ್ನುತ್ತಿದ್ದನೋ ಅದನ್ನೇ ಈಗ ಉಸಿರು ಬಿಗಿಹಿಡಿದು ತನ್ನ ಕೈಯಾರೆ ಮಾಡಿದ. ಟ್ಯಾಂಕಿನ ಬೆನ್ನ ಬಣ್ಣ ಕೆರೆದು, ಅಂಟು ಬಳಿದು, ಎಡಗೈ ಹೆಬ್ಬೆರಳನ್ನು ಇಟ್ಟು ಒತ್ತಿದ. ಆರಿದ ಮೇಲೆ ತೆಳುವಾಗಿ ಹಸಿರು ಹೊಡೆದು, ಒಣ ಕುಂಚದಲ್ಲಿ ತುಸು ತಿಳಿ ಬಣ್ಣ ಸವರಿದ. ಗೆರೆಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಕೆಲಸದಲ್ಲಿ ಹೆಸರಿಡುವಂತಿರಲಿಲ್ಲ. ಅವನು ಎರಡನೇ ಸಲ ನೋಡದೆ ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ.

ಭಾನುವಾರ ಬೆಳಿಗ್ಗೆ ಡಬ್ಬಿಯನ್ನು ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡು ಬೈಕು ಹತ್ತಿದ. ದಾರಿಯುದ್ದಕ್ಕೂ ಏನಾದರೂ ಆಗಲಿ ಎಂದು ಹಾರೈಸಿದ. ಟೈರು ಪಂಕ್ಚರ್ ಆಗಲಿ, ಮಳೆ ಬರಲಿ, ಅಕ್ರಮನೇ ಫೋನು ಮಾಡಿ ಇವತ್ತು ಬೇಡ ಎನ್ನಲಿ. ಕುರುಗೋಡಿಗೆ ತಿರುಗುವ ಕ್ರಾಸಿನಲ್ಲಿ ಬೈಕು ನಿಲ್ಲಿಸಿ ಬಹಳ ಹೊತ್ತು ನಿಂತ. ಕರಿಬಸವನ ಹತ್ತಿರ ಹೋಗಿ ಎಲ್ಲ ಒದರಿಬಿಡಲೇ ಎನಿಸಿತು. ಭತ್ತ ತುಂಬಿದ ಲಾರಿಯೊಂದು ಹಿಂದಿನಿಂದ ಹಾರನ್ನು ಹೊಡೆಯಿತು. ಅವನು ಸಿರುಗುಪ್ಪದ ಕಡೆಗೇ ಗಾಡಿ ಬಿಟ್ಟ.

ಅಕ್ರಮನ ತಾಯಿ ಮದಾರಬೀ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಇವನನ್ನು ಕಂಡು ಗಡಬಡಿಸಿ ಎದ್ದು, ಕೈಯ ಖಾರ ಹೋಗಲೆಂದು ಎರಡೆರಡು ಸಲ ಸೋಪು ಹಚ್ಚಿ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕೂತಳು. ಡಬ್ಬಿ ಬಿಚ್ಚಿದ್ದು ಅಕ್ರಮ್. ಟ್ಯಾಂಕನ್ನು ಹೊರಳಿಸಿ ಬೆನ್ನು ನೋಡಿದವನ ಕಣ್ಣು ತುಂಬಿಬಂತು.

"ಹಂಗ ಐತಿ ನೋಡು ಅಮ್ಮಿ," ಎಂದು ತಾಯಿಯ ಕೈಗೆ ಕೊಟ್ಟ.

ಮದಾರಬೀ ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟಳು. ಕಣ್ಣು ಮುಚ್ಚಿದಳು. ಬೆರಳನ್ನು ಅತ್ತ ಇತ್ತ ಹೊರಳಿಸಿದಳು. ಹುಲುಗೇಶ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

"ತಗ್ಗು ಸಿಗತೈತಿ," ಎಂದಳು ಕಡೆಗೆ. "ಗೆರಿ ತಿಳಿಯಂಗಿಲ್ಲಪ್ಪಾ. ಮೊದ್ಲೂ ತಿಳೀತಿದ್ದಿಲ್ಲ. ಈ ಮೆಣಸಿನಕಾಯಿ ಬಿಡಿಸಿ ಬಿಡಿಸಿ ನನ್ನ ಬಟ್ಟಿನ ಗೆರಿ ಎಲ್ಲಾ ಸವದು ಹೋಗ್ಯಾವು. ರೇಷನ್ ಅಂಗಡ್ಯಾಗ ಮಷೀನು ನನ್ನ ಹೆಬ್ಬಟ್ಟು ತಗಣಂಗಿಲ್ಲ. ನಮ್ಮ ಖಾಜಾನೇ ಹೋಗಿ ಒತ್ತಿ ಬರ್ತಿದ್ದ. ಅವನ ಹೆಬ್ಬಟ್ಟಿಲೇ ಈ ಮನಿ ಉಂಡೈತಿ."

ಅವಳು ಟ್ಯಾಂಕನ್ನು ಹುಲುಗೇಶನ ಮುಖದ ಹತ್ತಿರ ಹಿಡಿದಳು.

"ಕಣ್ಣೂ ಮಬ್ಬು. ಅಕ್ರಮನ್ನ ಕೇಳಿದ್ರ ನಾನು ಅಳಬಾರ್ದಂತ ಎಲ್ಲದಕ್ಕೂ ಹೂಂ ಅಂತಾನ. ನೀನು ಹೇಳು ಬೇಟಾ. ಗೆರಿ ಎಲ್ಲಾ ಹಂಗ ಅದಾವೇನು? ನನ್ನ ಮಗಂದೇ ಹೌದಿಲ್ಲೋ?"

ಹೂಂ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಹುಲುಗೇಶ ಅವಳ ಮುಖ ನೋಡಿದ, ಅವಳ ಕೈಯಲ್ಲಿದ್ದ ತನ್ನದೇ ಬೆರಳಿನ ಗೆರೆಗಳನ್ನು ನೋಡಿದ.

"ಅಲ್ಲಮ್ಮಾ," ಎಂದ. "ಅದು ನಂದು. ಅವಂದು ನಾನು ಉಜ್ಜಿಬಿಟ್ಟೆ. ಗೊತ್ತಿಲ್ದ ಉಜ್ಜಿಬಿಟ್ಟೆ."

ಅಕ್ರಮ್ ಎದ್ದು ಬಂದು ಅವನ ಅಂಗಿಯ ಕಾಲರು ಹಿಡಿದು ಮೇಲಕ್ಕೆ ಎಳೆದ. "ಫೋನಿನ್ಯಾಗ ಐತಿ ಅಂದ್ಯಲ್ಲೋ! ಐತಿ ಅಂದ್ಯಲ್ಲೋ ನನ್ನ ಮುಂದ!"

"ಬಿಡು ಅವನ್ನ," ಎಂದಳು ಮದಾರಬೀ. ಅವಳ ದನಿ ಏರಲಿಲ್ಲ. ಅಕ್ರಮ್ ಕೈಬಿಟ್ಟು ಗೋಡೆಯ ಕಡೆ ತಿರುಗಿ ನಿಂತ.

"ಯಾಕ ಉಜ್ಜಿದಿ?"

"ಯಾರೂ ಅವನ್ನ ನೋಡಿ ನಗಬಾರ್ದಂತ."

"ಮತ್ತ ನಿಂದು ಯಾಕ ಒತ್ತಿದಿ?"

"ನೀವು ಅಳಬಾರ್ದಂತ."

"ನನ್ನ ಮಗಗ ಅಳಾಕ ನಿನ್ನ ಅಪ್ಪಣಿ ಬೇಕೇನು ನನಗ?" ಎಂದಳು. ಅವಳು ಒಳಗೆ ಹೋಗಿ ಒಂದು ಬಟ್ಟಲಲ್ಲಿ ನೀರು ತಂದು ಅವನ ಮುಂದಿಟ್ಟಳು. "ನಿಂದು ತಗಿ ಅದರ ಮ್ಯಾಲಿಂದ. ಹೆಂಗ ಅವಂದು ತಗದ್ಯೋ ಹಂಗ ತಗಿ. ನನ್ನ ಮುಂದ."

ಮೇಜಿನ ಮೇಲೆ ಗಾಡಿಗೆ ಏನಾದರೂ ಆದರೆ ಇರಲಿ ಎಂದು ಅವನ ಚೀಲದಲ್ಲಿ ಯಾವಾಗಲೂ ಒಂದು ತುಂಡು ವಾಟರ್ ಪೇಪರು ಇರುತ್ತಿತ್ತು. ಅದನ್ನು ತೆಗೆದು ನೀರಲ್ಲಿ ಅದ್ದಿದ. ಒದ್ದೆ ಕೈಯಿಂದ ಟ್ಯಾಂಕು ಜಾರಿತು. ಮದಾರಬೀಯೇ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತಳು. ಅವನು ಉಜ್ಜಿದ. ಮೊದಲು ತಿಳಿ ಬಣ್ಣ ಹೋಯಿತು, ಆಮೇಲೆ ಹಸಿರು, ಆಮೇಲೆ ಗೆರೆಗಳು. ಅವಳು ಹೆಬ್ಬೆರಳಿಟ್ಟು ನೋಡಿ, "ಇನ್ನೂ ತಗ್ಗು ಐತಿ," ಎಂದಳು. ಮತ್ತೆ ಉಜ್ಜಿದ. ಹಸಿರು ನೀರು ಇಬ್ಬರ ಬೆರಳುಗಳ ಮೇಲೂ ಇಳಿದು ಚಾಪೆಗೆ ತೊಟ್ಟಿಕ್ಕಿತು. ಅವಳು ಮತ್ತೆ ನೋಡಿದಳು, "ಇನ್ನೂ," ಎಂದಳು. ಅವನು ಉಜ್ಜುತ್ತಲೇ ಇದ್ದ. ಮನೆಯಲ್ಲಿ ಆ ಸದ್ದೊಂದೇ ಕೇಳುತ್ತಿತ್ತು.

ಕಡೆಗೊಮ್ಮೆ ಅವಳು ಬೆರಳಿಟ್ಟಾಗ ಅದು ಎಲ್ಲೂ ತಡೆಯದೆ ಜಾರಿಹೋಯಿತು. ಮತ್ತೊಮ್ಮೆ ಇಟ್ಟಳು, ಮತ್ತೂ ಜಾರಿತು. ಬೂದು ಪ್ಲಾಸ್ಟಿಕ್ಕು ಗಾಜಿನ ಹಾಗೆ ನುಣ್ಣಗಿತ್ತು.

"ಈಗಿಲ್ಲ," ಎಂದಳು ಮದಾರಬೀ. "ಈಗ ಹೋದ ನನ್ನ ಮಗ."

ಮಣ್ಣು ಕೊಟ್ಟು ಬಂದ ದಿನವೂ ಆಕೆ ಹಾಗೆ ಅತ್ತಿರಲಿಲ್ಲ ಎಂದು ಅಕ್ರಮ್ ಆಮೇಲೆ ಕರಿಬಸವನ ಹತ್ತಿರ ಹೇಳಿದನಂತೆ. ಟ್ಯಾಂಕನ್ನು ಎದೆಗವಚಿಕೊಂಡು, ನೆಲಕ್ಕೆ ಹಣೆ ಹಚ್ಚಿ, ಮಗನ ಹೆಸರು ಹಿಡಿದು ಕರೆದು ಕರೆದು ಅತ್ತಳು. ಅಕ್ರಮ್ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತ. ಹುಲುಗೇಶನಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಒದ್ದೆ ಪೇಪರು ಕೈಯಲ್ಲಿ ಹಿಡಿದುಕೊಂಡು, ಅವಳ ಅಳು ತೀರುವವರೆಗೂ ಅಲ್ಲೇ ಕೂತಿದ್ದ.